ಬೈಪೋಲಾರ್ ಇದೆಯಾ ಎಂದು ಮನೋವೈದ್ಯರು ಹೇಗೆ ನೋಡುತ್ತಾರೆ?

ಬೈಪೋಲಾರ್ ಅಂದರೆ ಕೆಲವು ಕಾಲ ಅತಿಯಾದ ಉತ್ಸಾಹ, ಕೆಲವು ಕಾಲ ಖಿನ್ನತೆ ಬರುವ ಮನಸ್ಸಿನ ಕಾಯಿಲೆ. ಪರೀಕ್ಷೆಗೆ ಹೆದರಬೇಡಿ, ಜಾಸ್ತಿ ಹೊತ್ತು ಮಾತುಕತೆಯೇ. ಬೈಪೋಲಾರ್ ಹೌದೋ ಅಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ. ರಕ್ತ ತೆಗೆದರೆ ಅದು ಥೈರಾಯ್ಡ್‌ನಂಥ ಬೇರೆ ಕಾರಣ ಇದೆಯಾ ನೋಡಲು.

ಶಿರಸಿಯಿಂದ ತಮ್ಮನನ್ನು ಕರೆದುಕೊಂಡು ಹೋದಾಗ ಡಾಕ್ಟರು ಮೊದಲು ಕೇಳಿದ್ದು ನಿದ್ದೆಯ ಬಗ್ಗೆ. ಅವನು 'ಬೇಜಾರು' ಅಂತಷ್ಟೇ ಹೇಳಿದ. ಅಡಿಕೆ ಕೊಯ್ಲಿನ ಹೊತ್ತಿಗೆ ವಾರಗಟ್ಟಲೆ ಎರಡೇ ತಾಸು ಮಲಗಿ, ಸುಸ್ತೇ ಇಲ್ಲದೆ ರಾತ್ರಿಯಿಡೀ ಅಂಗಳದಲ್ಲಿ ಮಾತಾಡುತ್ತಾ ಓಡಾಡಿದ್ದನ್ನು, ಸಾಲ ಮಾಡಿ ಎರಡು ಬೈಕ್ ತಂದಿದ್ದನ್ನು ಹೇಳಿದ್ದು ನಮ್ಮ ಆಯಿ (ಅಮ್ಮ). ಉತ್ಸಾಹದ ದಿನಗಳನ್ನು ಯಾರೂ ಕಾಯಿಲೆ ಅಂದುಕೊಳ್ಳುವುದಿಲ್ಲ, ಅಲ್ವಾ? ಅದು ಗೊತ್ತಾಗದೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಿಗೆ ಉನ್ಮಾದ, ಅಂದರೆ ಇಂಥ ಅತಿ ಉತ್ಸಾಹದ ಸ್ಥಿತಿ, ಕೆರಳಬಹುದು.

ಹಾಗಾಗಿ ಮನೆಯವರೊಬ್ಬರು ಜೊತೆಗಿರಲಿ. ಮೊದಲ ಭೇಟಿಯಲ್ಲೇ ತೀರ್ಮಾನ ಆಗದೇ ಇರಬಹುದು. ಸಾಯುವ ಯೋಚನೆ ಬಂದರೆ ಮಾತ್ರ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.