ಚಿಕ್ಕಂದಿನ ಕಷ್ಟಕ್ಕೂ ಈಗಿನ ಬಿಪಿಗೂ ಸಂಬಂಧ ಇದೆಯಾ?

ನಿಮಗೆ 36 ವರ್ಷ, ಬೀಡಿ ಸಿಗರೇಟು ಇಲ್ಲ, ಕುಡಿತ ಇಲ್ಲ, ಆದ್ರೂ ಬಿಪಿ ಜಾಸ್ತಿ ಬಂದಿದೆ. ಚಿಕ್ಕವರಿದ್ದಾಗ ಮನೆಯಲ್ಲಿ ಹಸಿವೂ ಇತ್ತು, ಹೊಡೆತವೂ ಇತ್ತು, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ.

ಇದೆ. ನಾನು ಡಾಕ್ಟರ್ ಅಲ್ಲ. ಹೊಸನಗರದ ಕಡೆಯವನು, ವಯಸ್ಸು 54. ಹದಿಮೂರು ವರ್ಷದ ಹಿಂದೆ ಹಲ್ಲು ಕೀಳಿಸಲು ಶಿವಮೊಗ್ಗಕ್ಕೆ ಹೋಗಿದ್ದೆ. ಬಿಪಿ ನೋಡಿದರೆ 170-110. ಹಲ್ಲು ಕೀಳದೆ ವಾಪಸ್ ಕಳಿಸಿದರು. ಅವತ್ತಿಂದ ನಿಮ್ಮ ಪ್ರಶ್ನೆ ನನ್ನದೂ ಆಯಿತು.

ಅಮ್ಮ ಅಡಿಕೆ ಸುಲಿಯಲು ಹೋಗುತ್ತಿದ್ದಳು. ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತಾದರೂ ಮನೆಗೆ ಬಂದಿರುತ್ತಿರಲಿಲ್ಲ. ಅಪ್ಪ ಕುಡಿದು ಬರುತ್ತಿದ್ದ. ಬೇಸಿಗೆಯಲ್ಲಾದರೆ ಅವನು ತರಗೆಲೆ ತುಳಿಯುವ ಸದ್ದು ದೂರದಿಂದಲೇ ಕೇಳುತ್ತಿತ್ತು. ನಾನೂ ತಂಗಿಯೂ ಬುಡ್ಡಿ ದೀಪ ಆರಿಸಿ, ನಿದ್ದೆ ಬಂದವರ ಹಾಗೆ ಮಲಗುತ್ತಿದ್ದೆವು. ಮಳೆಗಾಲದಲ್ಲಿ ಆ ಅನುಕೂಲವೂ ಇಲ್ಲ. ಹೆಂಚಿನ ಮೇಲೆ ಮಳೆ ಸುರಿಯುವಾಗ ಹೆಜ್ಜೆ ಸದ್ದು ಎಲ್ಲಿ ಕೇಳುತ್ತೆ? ಇಡೀ ರಾತ್ರಿ ಕಂಬಳಿಯೊಳಗೆ ಎದೆ ಡವಡವ.

ಭಯವಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ಎದೆಬಡಿತ ಜೋರಾಗುತ್ತದೆ, ರಕ್ತನಾಳ ಬಿಗಿಯುತ್ತದೆ. ಭಯ ಹೋದ ಮೇಲೆ ಎಲ್ಲ ಇಳಿಯಬೇಕು. ಆದರೆ ಬೆಳೆಯುವ ಮಗುವಿಗೆ ಇದು ದಿನವೂ ಆದರೆ, ದೇಹ ಆ ಬಿಗುವಿಗೇ ಒಗ್ಗಿಹೋಗುತ್ತದೆ. ರಕ್ತನಾಳದ ಒಳಪದರ ನಿಧಾನವಾಗಿ ಕೆಡುತ್ತದೆ, ಒಳಗೊಳಗೇ ಸಣ್ಣ ಉರಿಯೂತ ಉಳಿದುಬಿಡುತ್ತದೆ.

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 17,000ಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ ಅಧ್ಯಯನ ಒಂದಿದೆ. ಅದರ ಮೊದಲ ವರದಿ 1998ರಲ್ಲಿ ಬಂತು. ಮನೆಯಲ್ಲಿ ಹೊಡೆತ, ಕುಡಿತ, ನಿರ್ಲಕ್ಷ್ಯ ಇಂಥವು ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಹೃದ್ರೋಗವೂ ಹೆಚ್ಚು ಕಂಡಿತ್ತು. ಸಿಗರೇಟು, ತೂಕ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಆ ಸಂಬಂಧ ಪೂರ್ತಿ ಅಳಿಯಲಿಲ್ಲ. ಸಿಟ್ಟು, ಖಿನ್ನತೆ ಇವುಗಳ ಪಾಲೂ ದೊಡ್ಡದಿತ್ತು.

ಹಸಿವಿನ ಲೆಕ್ಕ ಬೇರೆ, ಅದು ತಾಯಿಯ ಹೊಟ್ಟೆಯಲ್ಲೇ ಶುರುವಾಗುತ್ತದೆ. ಅದು ನಮ್ಮ ಮೈಸೂರಿನಲ್ಲೂ ಕಂಡಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ ಮಕ್ಕಳ ತೂಕ, ಉದ್ದ ಎಲ್ಲ ಬರೆದಿಟ್ಟಿದ್ದರು. ಎಷ್ಟೋ ವರ್ಷದ ಮೇಲೆ ಆ ಮಕ್ಕಳಲ್ಲಿ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಅವರಲ್ಲಿ ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರ ಪೈಕಿ ನೂರಕ್ಕೆ 11 ಜನರಿಗೆ ಹೃದ್ರೋಗ. 3.1 ಕೆಜಿಗಿಂತ ಹೆಚ್ಚು ಇದ್ದವರಲ್ಲಿ ನೂರಕ್ಕೆ ಮೂರು. ತಾಯಿಯೂ ಬಡಕಲಾಗಿದ್ದರೆ ಇನ್ನೂ ಜಾಸ್ತಿ. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಅಮ್ಮ. ನಾನು ಹೊಟ್ಟೆಯಲ್ಲಿದ್ದಾಗ ಗಂಜಿ, ಹಲಸಿನ ಬೀಜ ತಿಂದೇ ಗದ್ದೆ ನೆಟ್ಟಿ ಮಾಡಿದೆ ಅಂತ ಹೇಳುತ್ತಿದ್ದಳು. ಹೊಟ್ಟೆಯಲ್ಲಿ ಊಟ ಸಾಲದ ಮಗುವಿನ ಮೂತ್ರಪಿಂಡದಲ್ಲಿ ಶೋಧಿಸುವ ಸಣ್ಣ ಘಟಕಗಳೇ ಕಡಿಮೆ ಇರುತ್ತವೆ. ಉಪ್ಪನ್ನು ಹೊರಹಾಕುವ ಕೆಲಸ ಅವಕ್ಕೆ ಭಾರವಾಗಿ, ಬಿಪಿ ಏರಬಹುದು.

ಹಾಗಂತ ಇದು ಹಣೆಬರಹ ಅಂದುಕೊಳ್ಳಬೇಡಿ. ಕಷ್ಟಪಟ್ಟು ಬೆಳೆದ ಎಲ್ಲರಿಗೂ ಹೃದ್ರೋಗ ಬರುವುದಿಲ್ಲ. ಕಾರಣ ಎಷ್ಟೇ ಹಳೆಯದಾಗಿರಲಿ, ಮಾತ್ರೆ ಕೆಲಸ ಮಾಡುತ್ತದೆ. ಬಿಪಿ ಇಳಿಯಿತು ಅಂತ ಸುಮ್ನೆ ನಿಲ್ಲಿಸಬೇಡಿ. ಸಕ್ಕರೆ, ಕೊಲೆಸ್ಟ್ರಾಲ್ ಕೂಡ ನೋಡಿಸಿ. ನನಗೆ ಬಿಡಲು ಕಷ್ಟವಾಗಿದ್ದು ಮಿಡಿ ಉಪ್ಪಿನಕಾಯಿ. ಈಗ ವಾರಕ್ಕೊಂದು ಮಿಡಿ, ಅಷ್ಟೇ.

ಇನ್ನೊಂದು ಮಾತು. ಬಾಲ್ಯದ ವಿಷಯ ಡಾಕ್ಟರಿಗೆ ಹೇಳಿ. ನಾನು ಎಂಟು ವರ್ಷ ಹೇಳಿರಲಿಲ್ಲ, ಅವರು ಕೇಳಲೂ ಇಲ್ಲ. ಹೇಳಿದ ದಿನ ಅವರು ಮೊದಲು ಕೇಳಿದ್ದು ನಿದ್ದೆಯ ಬಗ್ಗೆ. ಮಳೆ ಜೋರಾದ ರಾತ್ರಿ ನನಗೆ ಈಗಲೂ ನಿದ್ದೆ ಬರುವುದಿಲ್ಲ ಅಂದೆ. ಆಪ್ತಸಮಾಲೋಚನೆಗೆ ಕಳಿಸಿದರು, ಅದರಿಂದ ಅನುಕೂಲವಾಯಿತು. ಈಗ ಬಿಪಿ 130-80ರ ಆಸುಪಾಸು.

ನಿಮ್ಮ ಜೊತೆ ಬೆಳೆದ ಅಕ್ಕ, ತಮ್ಮ ಯಾರಾದರೂ ಇದ್ದಾರಾ? ಇದ್ದರೆ ಅವರಿಗೂ ಒಂದ್ಸಲ ನೋಡಿಸಿ. ನನ್ನ ತಂಗಿಗೆ ಏನೂ ತೊಂದರೆ ಇರಲಿಲ್ಲ, ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಅವಳ ಬಿಪಿಯ ಮೇಲಿನ ಅಂಕಿ 164 ಇತ್ತು.