ರಾಟ್‌ವೈಲರ್ ತಳಿಯ ನಾಯಿಯ ಮೇಲಿನ ನಿಷೇಧವನ್ನು ಹೈಕೋರ್ಟ್ ರದ್ದು ಮಾಡಿದೆಯಲ್ಲ, ಹಗಲು ಯಾರೂ ಇರದ ನಮ್ಮ ಮನೆಯ ಗೇಟು ಕಾಯಲು ಈಗ ಅದನ್ನು ಧೈರ್ಯವಾಗಿ ಸಾಕಬಹುದೇ?

ನಿಮ್ಮ ಪ್ರಶ್ನೆಯಿಂದ ರಾಟ್‌ವೈಲರ್ ಎಂಬ ಹೆಸರನ್ನು ತೆಗೆದರೆ, ಕೆಲವು ವರ್ಷಗಳ ಹಿಂದೆ ನಾನೇ ಪರಿಚಯದ ಪಶುವೈದ್ಯರೊಬ್ಬರನ್ನು ಕೇಳಿದ ಪ್ರಶ್ನೆ ಉಳಿಯುತ್ತದೆ. ಮೈಸೂರಿನ ಅಂಚಿನ ಬಡಾವಣೆಯಲ್ಲಿ ಆಗಷ್ಟೇ ಮನೆ ಕಟ್ಟಿದ್ದೆವು. ಅಕ್ಕಪಕ್ಕದ ನಿವೇಶನಗಳು ಖಾಲಿ ಬಿದ್ದಿದ್ದವು. ಕಾವಲಿಗೊಂದು ನಾಯಿ ಬೇಕೆಂದು ಎಲ್ಲರೂ ಹೇಳಿದರು. ಭಯ ಹುಟ್ಟಿಸುವ ತಳಿ ಬೇಡವೆಂದು ಜರ್ಮನ್ ಶೆಫರ್ಡ್‌ಗೂ ಬೀದಿನಾಯಿಗೂ ಹುಟ್ಟಿದ ಮರಿಯೊಂದನ್ನು ತಂದು ರಾಜ ಎಂದು ಹೆಸರಿಟ್ಟೆವು. ನಮ್ಮ ಬೀದಿಗೆ ಹೂವು ತರುತ್ತಿದ್ದ ಹೆಂಗಸಿನ ಮುಂಗೈಯನ್ನು ಕಚ್ಚಿ ಜಗ್ಗಿದ್ದು ಈ ರಾಜನೇ. 2024ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಪಾಯಕಾರಿ ತಳಿಗಳ ಪಟ್ಟಿಯಲ್ಲಿ ಜರ್ಮನ್ ಶೆಫರ್ಡ್ ಹೆಸರೂ ಇರಲಿಲ್ಲ, ಬೀದಿನಾಯಿಯ ಹೆಸರೂ ಇರಲಿಲ್ಲ.

ನಾನು ಮಾಡಿದ ತಪ್ಪು ಒಂದೇ: ನಾಯಿಯನ್ನು ಗೇಟಿನ ಪಕ್ಕದಲ್ಲಿ ಕಟ್ಟಿಹಾಕಿದೆ. ಇದು ತಪ್ಪೆಂದು ಹೇಳಿದರೆ ಇಂದಿಗೂ ಅನೇಕರು ನಗುತ್ತಾರೆ, ಏಕೆಂದರೆ ನಮ್ಮಲ್ಲಿ ಕಟ್ಟಿದ ನಾಯಿಯೆಂದರೆ ಸುರಕ್ಷಿತ ನಾಯಿ ಎಂಬ ನಂಬಿಕೆಯಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಗೇಟಿನ ಕಂಬಕ್ಕೆ ಒಂದು ಕೊಂಡಿ ಹಾಕಿಸಿ, ಗೇಟಿಗೆ ಒಂದು ಗೇಣು ಉಳಿಯುವಷ್ಟು ಉದ್ದದ ಸರಪಳಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ರಾಜನನ್ನು ಕಟ್ಟುತ್ತಿದ್ದೆ. ಪೇಪರ್ ಹಾಕುವ ಹುಡುಗ ಬರುತ್ತಾನೆ, ನಾಯಿ ಬೊಗಳುತ್ತದೆ, ಹುಡುಗ ಹೊರಟುಹೋಗುತ್ತಾನೆ. ಗ್ಯಾಸ್ ಸಿಲಿಂಡರಿನವರು, ಕೊರಿಯರ್‌ನವರು, ಮೀಟರ್ ಓದುವವರು, ಎಲ್ಲರ ವಿಷಯದಲ್ಲೂ ಹೀಗೆಯೇ. ಅವರು ತಮ್ಮ ಕೆಲಸ ಮುಗಿದದ್ದರಿಂದ ಹೋಗುತ್ತಿದ್ದರು. ನಾಯಿಗೆ ಮಾತ್ರ ತಾನು ಬೊಗಳಿದ್ದರಿಂದಲೇ ಹೋದರೆಂದು ತೋರುತ್ತದೆ. ದಿನವಿಡೀ ಜನರನ್ನು ನೋಡುವುದು, ಅವರ ಬಳಿ ಹೋಗಿ ಮೂಸಿ ತಿಳಿಯಲು ಆಗದಿರುವುದು, ಮುನ್ನುಗ್ಗಿದಾಗಲೆಲ್ಲ ಸರಪಳಿ ಕತ್ತು ಹಿಡಿದೆಳೆಯುವುದು, ಇವೆಲ್ಲ ಸೇರಿ ಆ ನಾಯಿಗೆ ಗೇಟಿನಾಚೆಯ ಮನುಷ್ಯನೆಂದರೆ ಕೋಪವೆಂಬ ಪಾಠವನ್ನು ನಾನೇ ಕಲಿಸಿದೆ. ಎಳೆದೆಳೆದು ಅವನ ಕತ್ತಿನ ರೋಮ ಉದುರಿ ಚರ್ಮ ಕೆಂಪಾಗಿತ್ತು. ಪಾಪವೆನಿಸಿ ಬೆಲ್ಟನ್ನು ಒಂದು ತೂತು ಸಡಿಲ ಮಾಡಿದೆ. ಹೂವಿನವರು ಎಂದಿನಂತೆ ಕಂಬಿಗಳ ನಡುವೆ ಕೈ ತೂರಿಸಿ ಎರಡು ಮೊಳ ಸೇವಂತಿಗೆಯನ್ನು ನಮ್ಮ ಬುಟ್ಟಿಗೆ ಹಾಕುವ ಹೊತ್ತಿಗೆ ಅವನು ಹಿಂದಕ್ಕೆ ಜಗ್ಗಿ, ಬೆಲ್ಟಿನಿಂದ ತಲೆ ಬಿಡಿಸಿಕೊಂಡು ಹಾರಿದ.

ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕೆಂಬುದು ಪುಣ್ಯಕ್ಕೆ ನನ್ನ ಹೆಂಡತಿಗೆ ಗೊತ್ತಿತ್ತು. ರಾಜನಿಗೆ ಲಸಿಕೆ ಹಾಕಿಸಿದ ಪುಸ್ತಕ ತೋರಿಸಿದರೂ ವೈದ್ಯರು ರೇಬೀಸ್ ಲಸಿಕೆಯ ಜೊತೆಗೆ ಗಾಯದೊಳಕ್ಕೇ ಇಮ್ಯುನೊಗ್ಲಾಬ್ಯುಲಿನ್ (ರೋಗಾಣುವನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯ) ಕೊಟ್ಟರು, ನಾಯಿಯ ಮೇಲೆ 10 ದಿನ ನಿಗಾ ಇಡಲು ಹೇಳಿದರು. ಅದು ಸರಿಯಾದ ಕ್ರಮವೇ. ಆಸ್ಪತ್ರೆಯ ಖರ್ಚನ್ನೆಲ್ಲ ನಾವು ಭರಿಸಿದೆವು. ಆದರೆ ಬೆರಳುಗಳಿಗೆ ಮೊದಲಿನ ಹಿಡಿತ ಬರದೆ ಆಕೆ ಬಹುಕಾಲ ಹೂವು ಕಟ್ಟಲಾಗಲಿಲ್ಲ, ಮತ್ತೆ ನಮ್ಮ ಬೀದಿಗೆ ಬರಲೂ ಇಲ್ಲ.

ಇನ್ನು ನೀವು ಕೇಳಿದ ಕಾನೂನಿನ ವಿಷಯ. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ರಾಟ್‌ವೈಲರ್, ಪಿಟ್‌ಬುಲ್ ಸೇರಿದಂತೆ 23 ತಳಿಗಳ ಆಮದು, ಸಂತಾನಾಭಿವೃದ್ಧಿ ಮತ್ತು ಮಾರಾಟವನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ನ್ಯಾಯಾಲಯದ ಮುಖ್ಯ ಆಕ್ಷೇಪ ಸಂಬಂಧಪಟ್ಟವರ ಮಾತು ಕೇಳದೆ ನಿರ್ಧಾರ ಮಾಡಿದ್ದರ ಬಗ್ಗೆ ಇತ್ತು. ಎಲ್ಲರನ್ನೂ ಆಲಿಸಿ ಹೊಸದಾಗಿ ನಿಯಮ ತರಲು ಸರ್ಕಾರಕ್ಕೆ ಅವಕಾಶವೂ ಉಳಿಯಿತು. ಆ ತೀರ್ಪನ್ನು ನೀವು ರಾಟ್‌ವೈಲರ್ ನಿರಪಾಯಕಾರಿ ಎಂಬ ಪ್ರಮಾಣಪತ್ರದಂತೆ ಓದಿಕೊಂಡಿದ್ದೀರಿ, ಅದು ಹಾಗಿಲ್ಲ. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯವೂ ದೊಡ್ಡದೇ.

ನಿಮಗೆ ಅನ್ವಯಿಸುವ ಕಾನೂನು ಯಾವ ತಳಿಯ ಹೆಸರನ್ನೂ ಹೇಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ಅಥವಾ ತೀವ್ರ ಗಾಯವಾಗದಂತೆ ಸಾಕಷ್ಟು ಎಚ್ಚರ ವಹಿಸದವನಿಗೆ 6 ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ದಂಡ ಸಂಹಿತೆಯ 289ನೇ ಕಲಮಿನಲ್ಲಿ ದಂಡದ ಮಿತಿ 1,000 ರೂಪಾಯಿ ಇತ್ತು. ನಾಯಿ ಕಚ್ಚಿಯೇ ಇರಬೇಕೆಂದು ಈ ಕಲಮು ಕೇಳುವುದಿಲ್ಲ, ಅಜಾಗರೂಕತೆಯೇ ಅಪರಾಧ. ಆದರೂ ರಕ್ತ ಕಾಣುವವರೆಗೆ ಇದನ್ನು ನೆನೆಯುವವರು ಯಾರು?

ಸುಧಾರಣೆ ಆಗಬೇಕಾದದ್ದು ಇಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ರಿಟನ್ 1991ರಲ್ಲಿ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ಮೂರು ದಶಕಗಳ ಬಳಿಕ ಎಕ್ಸ್‌ಎಲ್ ಬುಲ್ಲಿ ಎಂಬ ಹೊಸ ಬಗೆಯನ್ನು ಪಟ್ಟಿಗೆ ಸೇರಿಸಬೇಕಾಯಿತು. ಒಂದು ಹೆಸರನ್ನು ತಡೆದರೆ ಸಾಕುವವರು ಇನ್ನೊಂದನ್ನು ಹುಡುಕಿಕೊಳ್ಳುತ್ತಾರೆ. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ತಳಿಪಟ್ಟಿಯೇ ಇಲ್ಲ. ಬದಲಿಗೆ ನಾಯಿ ಸಾಕುವವನು ತನಗೆ ನಾಯಿಯ ಬಗ್ಗೆ ತಿಳಿವಳಿಕೆಯಿದೆ ಎಂಬುದನ್ನು ಪರೀಕ್ಷೆಯ ಮೂಲಕ ತೋರಿಸಬೇಕು, ನಾಯಿಗೆ ಗುರುತಿನ ಮೈಕ್ರೋಚಿಪ್ ಹಾಕಿಸಬೇಕು, ಇತರರಿಗಾಗುವ ಹಾನಿಗೆ ವಿಮೆ ಮಾಡಿಸಬೇಕು. ನಮ್ಮಲ್ಲಿ ಅಂಥ ವಿಮೆ ಕಡ್ಡಾಯವಾಗಿದ್ದಿದ್ದರೆ ಆ ಹೂವಿನವರು ಕಳೆದುಕೊಂಡ ದುಡಿಮೆಗೆ ಸಲ್ಲಬೇಕಾದ ಪರಿಹಾರ ನನ್ನ ಔದಾರ್ಯವನ್ನು ಕಾಯಬೇಕಿರಲಿಲ್ಲ. ನಗರಪಾಲಿಕೆಯ ಪರವಾನಗಿ ಪದ್ಧತಿಯನ್ನೂ ಲಸಿಕೆಯ ಚೀಟಿ ನೋಡಿ ಮುದ್ರೆ ಒತ್ತುವುದಕ್ಕೆ ಮುಗಿಸದೆ, ನಾಯಿಯ ಮೇಲೆ ಬಂದ ಮೊದಲ ದೂರಿಗೇ ಯಾರಾದರೂ ಬಂದು ಗೇಟನ್ನೂ ಸರಪಳಿಯನ್ನೂ ನೋಡಿಹೋಗುವಂತೆ ಬದಲಿಸಬೇಕು.

ರಾಟ್‌ವೈಲರ್‌ ತರಲೇಬೇಕೆಂದಿದ್ದರೆ ನಾಯಿಗಳ ಸಂತಾನಾಭಿವೃದ್ಧಿ ಮತ್ತು ಮಾರಾಟದ 2017ರ ನಿಯಮಗಳಡಿ ನೋಂದಣಿಯಾದ ಸಾಕಣೆದಾರರಿಂದ, 8 ವಾರ ತುಂಬಿದ ಮರಿಯನ್ನೇ ತನ್ನಿ. ಮೊದಲ ತಿಂಗಳುಗಳಲ್ಲಿಯೇ ಅದಕ್ಕೆ ಹೊರಗಿನ ಜನರ, ಮಕ್ಕಳ, ವಾಹನಗಳ ರೂಢಿ ಮಾಡಿಸಿ, ಗೇಟಿನಿಂದ ದೂರವಿರುವ ಹಿತ್ತಿಲಿಗೆ ಬೇಲಿ ಹಾಕಿಸಿ ಅಲ್ಲಿ ಬಿಡಿ. ಆ ಘಟನೆಯ ಬಳಿಕ ರಾಜನನ್ನೂ ನಾವು ಹಾಗೆಯೇ ಇಟ್ಟೆವು, ಸಾಯುವವರೆಗೂ ಅವನು ಇನ್ನೊಬ್ಬರನ್ನು ಮುಟ್ಟಲಿಲ್ಲ. ಆದರೆ ಪ್ರಶ್ನೆಯಲ್ಲಿ ನೀವೇ ಬರೆದಿರುವಂತೆ ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ, ನಾಯಿ ಒಂಟಿಯಾಗಿ ಗೇಟು ಕಾಯಬೇಕು ಎನ್ನುವುದಾದರೆ ರಾಟ್‌ವೈಲರ್ ಅಲ್ಲ, ಯಾವ ನಾಯಿಯೂ ಬೇಡ. ಆ ಹಣದಲ್ಲಿ ಗೇಟಿಗೊಂದು ಒಳ್ಳೆಯ ಬೀಗವನ್ನೂ ಕ್ಯಾಮೆರಾವನ್ನೂ ಹಾಕಿಸಿ.