ಅಣ್ಣನ ಕಾಯಿಲೆ, ತಂಗಿಯ ಮದುವೆ

ಹೆಸರು ಹಾಕಬೇಡಿ ಎಂದು ಬರೆದಿರುವ ಓದುಗರಿಗೆ ನಮಸ್ಕಾರ.

ನಿಮ್ಮ ಅಣ್ಣನಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ಇದೆಯೆಂದು ನಂಬಿಸುವಂಥ ಮಾನಸಿಕ ಕಾಯಿಲೆ. ನಿಮ್ಮ ಮದುವೆಯ ಮಾತುಕತೆ ನಡೆಯುತ್ತಿದೆ. ಇದು ವಂಶದಲ್ಲೇ ಬರುತ್ತದಂತೆ, ಜೀನ್ ಪರೀಕ್ಷೆ ಮಾಡಿಸಿದರೆ ನನಗೂ ಬರುತ್ತದೋ ಇಲ್ಲವೋ ಗೊತ್ತಾಗುತ್ತದಾ ಎಂದು ಕೇಳಿದ್ದೀರಿ. ಗೊತ್ತಾಗುವುದಿಲ್ಲ. ಸುಮ್ನೆ ದುಡ್ಡು ಸುರಿಯಬೇಡಿ.

ವಂಶಕ್ಕೂ ಈ ಕಾಯಿಲೆಗೂ ನಂಟಿದೆ, ಅದು ನಿಜ. ಒಂದು ಕಾಲದಲ್ಲಿ ಎಷ್ಟೋ ಡಾಕ್ಟರುಗಳು ತಾಯಿಯನ್ನೇ ದೂರುತ್ತಿದ್ದರು, ಅವಳು ಬೆಳೆಸಿದ್ದು ಸರಿಯಿಲ್ಲ ಅಂತ. ಮನೋವೈದ್ಯ ಲಿಯೊನಾರ್ಡ್ ಹೆಸ್ಟನ್ 1966ರಲ್ಲಿ ಪ್ರಕಟಿಸಿದ ಅಧ್ಯಯನ ಆ ಮಾತಿಗೆ ದೊಡ್ಡ ಪೆಟ್ಟು ಕೊಟ್ಟಿತು. ಅಮೆರಿಕದ ಆರೆಗನ್‌ನಲ್ಲಿ ಈ ಕಾಯಿಲೆಯಿದ್ದ ತಾಯಂದಿರಿಗೆ ಹುಟ್ಟಿ, ಕೆಲವೇ ದಿನಗಳಲ್ಲಿ ಅವರಿಂದ ದೂರವಾಗಿ ಬೆಳೆದ 47 ಮಂದಿಯ ಬಗ್ಗೆ ಅವರು ಮಾಹಿತಿ ಕಲೆಹಾಕಿದರು. ಅವರಲ್ಲಿ 5 ಮಂದಿಗೆ ಸ್ಕಿಜೋಫ್ರೇನಿಯಾ ಬಂದಿತ್ತು. ಹಾಗೆಯೇ ದೂರವಾಗಿ ಬೆಳೆದ, ಆದರೆ ತಾಯಿಗೆ ಕಾಯಿಲೆಯಿಲ್ಲದ 50 ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ. ತಾಯಿ ಸಾಕದಿದ್ದರೂ ಬಂತಲ್ಲ! ನಿಮ್ಮ ಅಮ್ಮನನ್ನು ನೆಂಟರು ಇನ್ನೂ ಚುಚ್ಚುತ್ತಿದ್ದರೆ ಇದನ್ನು ಅವರಿಗೆ ಓದಿ ಹೇಳಿ. ಉಳಿದ 42 ಮಂದಿಗೆ ಬರಲಿಲ್ಲ ಅನ್ನುವುದನ್ನೂ ಸೇರಿಸಿ ಹೇಳಿ.

ಆಮೇಲೆ ಶುರುವಾದದ್ದು ಜೀನ್‌ಗಳ ಹುಡುಕಾಟ. ಸ್ಕಾಟ್ಲೆಂಡ್‌ನ ಒಂದು ದೊಡ್ಡ ಕುಟುಂಬದಲ್ಲಿ ತಲೆಮಾರುಗಳಿಂದ ಮಾನಸಿಕ ಕಾಯಿಲೆಯಿತ್ತು. ಅವರಲ್ಲಿ ಹಲವರಿಗೆ 1 ಮತ್ತು 11ನೇ ಕ್ರೋಮೋಸೋಮ್‌ಗಳ (ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತ ಎಳೆಗಳು) ತುಂಡುಗಳು ಅದಲುಬದಲಾಗಿದ್ದವು. ಅಲ್ಲಿ ಮುರಿದಿದ್ದ ಜೀನ್‌ಗೆ 2000ದಲ್ಲಿ ಡಿಸ್ಕ್-1 ಎಂದು ಹೆಸರಿಟ್ಟರು. ಕಾರಣ ಸಿಕ್ಕೇಬಿಟ್ಟಿತು ಅಂತ ಬಹಳ ಜನ ನಂಬಿದರು. ಆದರೆ ಅದೇ ಬದಲಾವಣೆ ಇದ್ದವರಲ್ಲಿ ಕೆಲವರಿಗೆ ಸ್ಕಿಜೋಫ್ರೇನಿಯಾ, ಕೆಲವರಿಗೆ ಮತ್ತೆ ಮತ್ತೆ ಬರುವ ಖಿನ್ನತೆ, ಇನ್ನು ಕೆಲವರಿಗೆ ಏನೂ ಇಲ್ಲ. ಬೇರೆ ಮನೆಗಳ ರೋಗಿಗಳನ್ನು ದೊಡ್ಡ ಸಂಖ್ಯೆಯಲ್ಲಿ ನೋಡಿದಾಗ ಆ ಜೀನಿನ ಕೈವಾಡ ಕಾಣಲಿಲ್ಲ. 2022ರಲ್ಲಿ ಬಂದ ಬಹುದೊಡ್ಡ ಅಧ್ಯಯನವೊಂದು ಕ್ರೋಮೋಸೋಮ್‌ಗಳಲ್ಲಿ ಈ ಕಾಯಿಲೆಯ ಜೊತೆ ನಂಟಿರುವ 287 ಜಾಗಗಳನ್ನು ತೋರಿಸಿತು. ಒಂದೊಂದರ ಪ್ರಭಾವ ತೀರಾ ಚಿಕ್ಕದು. ಅದಕ್ಕೇ ಜೀನ್ ಪರೀಕ್ಷೆಯಿಂದ ನಿಮಗೆ ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ ಅಂದದ್ದು. ನಮ್ಮ ನಿಮ್ಹಾನ್ಸ್‌ನಲ್ಲೂ ಇಂಥ ಕುಟುಂಬಗಳ ಅಧ್ಯಯನ ನಡೆದಿದೆ.

ಸಾಮಾನ್ಯವಾಗಿ 100ರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು. ರೋಗಿಯ ಒಡಹುಟ್ಟಿದವರಲ್ಲಾದರೆ 100ಕ್ಕೆ ಸುಮಾರು 9 ಮಂದಿಗೆ. ಅಂದರೆ ಬಾರದವರೇ ಜಾಸ್ತಿ, ಅಲ್ವಾ?

ಮದುವೆ ಮುಗಿಯುವ ತನಕ ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಬೇಡ ಎಂದು ಮನೆಯಲ್ಲಿ ತೀರ್ಮಾನಿಸಿದ್ದಾರೆ ಎಂದು ಬರೆದಿದ್ದೀರಿ. ಓದಿ ಹೊಟ್ಟೆ ಉರಿಯಿತು. ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆ ನಿಂತರೆ ಕಾಯಿಲೆ ಮರುಕಳಿಸಬಹುದು. ಗಂಡಿನ ಕಡೆಯವರಿಗೆ ಈಗಲೇ ಹೇಳಿ. ಅವರಿಗೆ ಅನುಮಾನವಿದ್ದರೆ ಅಣ್ಣನ ಒಪ್ಪಿಗೆ ಕೇಳಿ, ಹುಡುಗನನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಅಷ್ಟರೊಳಗೆ ಯಾರೊಂದಿಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

– ಸಂಪಾದಕ